ಮುನಿಗಂಗಮ್ಮನ ವರ್ಷತೊಡಕು

ಶಾಲೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದವಳೊಬ್ಬಳ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ನನ್ನ ಮಗಳು ನಕ್ಕಳು. ನಗಲಿ. ದೊಡ್ಡವರ ಬಗ್ಗೆ ಬರೆಯಲು ಜನ ಸಾಲುಗಟ್ಟಿ ನಿಂತಿದ್ದಾರೆ, ಅವರಿಗೆ ಹಾರ ಹಾಕುವವರ ಸಾಲು ಇನ್ನೂ ಉದ್ದ. ನಾನು ಮೂವತ್ತನಾಲ್ಕು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿದವಳು. ಏಳು ಜನ ಮುಖ್ಯೋಪಾಧ್ಯಾಯರ ಮುನಿಸು ಕಂಡಿದ್ದೇನೆ, ಎಷ್ಟೋ ಅಧಿಕಾರಿಗಳಿಗೆ ಎಳನೀರು ಕೊಚ್ಚಿಸಿ ಕೊಟ್ಟಿದ್ದೇನೆ. ಅಷ್ಟು ಜನರಲ್ಲಿ ನಾನು ಬುದ್ಧಿಯಲ್ಲಿ ಸೋತದ್ದು ಒಬ್ಬಳಿಗೇ, ಅವಳಿಗೆ ಓದು ಬರಹ ಬರುತ್ತಿರಲಿಲ್ಲ.

ದೇವನಹಳ್ಳಿಯಿಂದ ಅದೇ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ಹೋಗುವ ಬಸ್ಸಿನಿಂದ ಇಳಿದು ಎರಡು ಮೈಲಿ ನಡೆದರೆ ಅರಳೇಕುಂಟೆ. ಎಪ್ಪತ್ತನೇ ಇಸವಿಯಲ್ಲಿ ದೊಡ್ಡಬಳ್ಳಾಪುರದಿಂದ ಒಂದು ಟ್ರಂಕು, ಒಂದು ಹಾಸಿಗೆ ಹೊತ್ತುಕೊಂಡು ಹೊಸ ಟೀಚರಾಗಿ ಅಲ್ಲಿಗೆ ಹೋದಾಗ ನನಗೆ ಇಪ್ಪತ್ತೆರಡು. ಶಾಲೆ ಎಂದರೆ ಒಂದೇ ಉದ್ದನೆಯ ಕೋಣೆ, ಒಂದು ಜಗುಲಿ, ಮುಂದೆ ಒಂದು ಹೊಂಗೆ ಮರ, ಪಕ್ಕದಲ್ಲಿ ಹೆಂಚು ಹೊದಿಸಿದ ಅಡುಗೆ ಕೊಟ್ಟಿಗೆ. ಒಂದರಿಂದ ನಾಲ್ಕನೇ ತರಗತಿಯವರೆಗೆ ಐವತ್ತೇಳು ಮಕ್ಕಳು. ಮುಖ್ಯೋಪಾಧ್ಯಾಯರು ಲಕ್ಷ್ಮಯ್ಯನವರು. ಒಳ್ಳೆಯವರೇ, ಆದರೆ ಹೊಗಳಿಕೆ ಅನ್ನುವುದು ಅವರ ಸ್ವಂತ ಆಸ್ತಿ ಎಂಬಂತೆ ಬೀಗ ಹಾಕಿ ಇಟ್ಟುಕೊಂಡಿದ್ದರು. ನೂರಕ್ಕೆ ನೂರು ತೆಗೆದ ಹುಡುಗನಿಗೂ "ಹೂಂ, ಮುಂದಿನ ಸಲ ಬರಹ ದುಂಡಗಿರಲಿ" ಎನ್ನುವವರು.

ನಾನು ಹೋದ ಮೊದಲ ದಿನ ಮಧ್ಯಾಹ್ನ ಮಕ್ಕಳು ತಟ್ಟೆ ಹಿಡಿದು ಕೊಟ್ಟಿಗೆಯ ಮುಂದೆ ನಿಂತಿದ್ದವು. ಒಳಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು, ಕುಳ್ಳಗೆ ಗುಂಡಗೆ ಇದ್ದ ಹೆಂಗಸೊಬ್ಬಳು ಸೌಟು ಎತ್ತಿ ಹಿಡಿದಿದ್ದಳು. ಸೌಟು ಕೆಳಗೆ ಇಳಿಯುತ್ತಿರಲಿಲ್ಲ.

"ಸುದ್ದಿ ಹೇಳ್ಲಾ" ಎಂದಳು ಮುಂದಿದ್ದ ಹುಡುಗನಿಗೆ.

"ನಮ್ಮ ಎಮ್ಮೆ ಈದೈತೆ."

"ಹೆಣ್ಣೋ ಗಂಡೋ?"

"ಹೆಣ್ಣು."

ಸೌಟು ಇಳಿಯಿತು. ಗಂಡು ಕರುವಾಗಿದ್ದರೆ ಅರ್ಧ ಸೌಟೇ ಸಿಗುತ್ತಿತ್ತೋ ಏನೋ. ಇದು ಮುನಿಗಂಗಮ್ಮನ ಪದ್ಧತಿ. ದಿನಕ್ಕೊಂದು ಸುದ್ದಿ ಹೇಳಿದವರಿಗೆ ಉಪ್ಪಿಟ್ಟು. ಹಾಗಾಗಿ ಯಾರ ಮನೆಯಲ್ಲಿ ಜಗಳ, ಯಾರ ಬಾವಿಯಲ್ಲಿ ನೀರು, ಯಾರ ಅಕ್ಕನನ್ನು ನೋಡಲು ಹೊಸಕೋಟೆಯಿಂದ ಗಂಡು ಬಂದಿತ್ತು, ಎಲ್ಲವೂ ಮಧ್ಯಾಹ್ನ ಒಂದು ಗಂಟೆಯೊಳಗೆ ಆಕೆಯ ಹಂಡೆಯ ಸುತ್ತ ಸೇರುತ್ತಿತ್ತು. ಮಕ್ಕಳಿಗೆ ಇದು ಅನ್ಯಾಯ ಎಂದು ನಾನು ಜೋರು ಮಾಡಿದೆ. "ಮಾತಾಡದ ಮಗು ನಿಮ್ಮ ಕ್ಲಾಸಲ್ಲಿ ಎಷ್ಟವೆ ಟೀಚರಮ್ಮ?" ಎಂದು ಕೇಳಿದಳು. ಆರಿವೆ ಎಂದೆ. "ನನ್ನತ್ರ ಒಂದೂ ಇಲ್ಲ" ಎಂದು ಎಲೆ ಅಡಿಕೆ ಉಗುಳಲು ಎದ್ದುಹೋದಳು.

ಆಕೆ ಹುಟ್ಟಿದ್ದು ಹೊಸಕೋಟೆಯ ಕಡೆ. ಹದಿಮೂರಕ್ಕೆ ಅರಳೇಕುಂಟೆಯ ಅಪ್ಪಯ್ಯಣ್ಣನ ಕೈಹಿಡಿದು ಬಂದವಳು. ಅಪ್ಪಯ್ಯಣ್ಣ ಸಾಧು, ಇಸ್ಪೀಟಿನ ಎಲೆ ಕಂಡಾಗ ಮಾತ್ರ ಮನೆ ಮಠ ಮರೆಯುತ್ತಿದ್ದ. ಮಕ್ಕಳಾಗಲಿಲ್ಲ. ಹರಕೆ ಹೊತ್ತು, ಮರ ಸುತ್ತಿ, ಅತ್ತೆಯಿಂದ ಅನ್ನಿಸಿಕೊಂಡು ಹದಿನೈದು ವರ್ಷ ಕಳೆದ ಮೇಲೆ, ಅರವತ್ನಾಲ್ಕರಲ್ಲಿ ಶಾಲೆಗೆ ಅಮೆರಿಕದ ಗೋಧಿ ನುಚ್ಚಿನ ಮೂಟೆ ಬಂತು. ಬೇಯಿಸುವವರು ಬೇಕಾಗಿತ್ತು. ಊರ ಹೆಂಗಸರು ಮೂಗು ಮುರಿದರು, ಈಕೆ ಸೌಟು ಹಿಡಿದಳು. ಯಾರಾದರೂ ಮಕ್ಕಳ ಮಾತೆತ್ತಿದರೆ ನಾಚಿಕೆಯಿಲ್ಲದೆ ಹೇಳುತ್ತಿದ್ದಳು: "ದೇವರು ಒಂದೂ ಕೊಡ್ಲಿಲ್ಲ, ನುಚ್ಚಿನ ಮೂಟೆ ಐವತ್ತೇಳು ಕೊಡ್ತು."

ಇನ್ನು ಲಕ್ಷ್ಮಯ್ಯ ಮೇಷ್ಟ್ರ 'ವಸಂತ ವಾರ್ತೆ'ಯ ಬಗ್ಗೆ ಹೇಳಬೇಕು. ಪ್ರತಿ ಯುಗಾದಿಗೂ ಒಂದು ದೊಡ್ಡ ಹಾಳೆಯಲ್ಲಿ ಶಾಲೆಯ ವರ್ಷದ ಸುದ್ದಿಯನ್ನು ಕೈಬರಹದಲ್ಲಿ ಬರೆದು ಜಗುಲಿಯ ಗೋಡೆಗೆ ಅಂಟಿಸುವುದು ಅವರ ಹೆಮ್ಮೆ. ಬಲಗಡೆ 'ಮೆಚ್ಚುಗೆ' ಎಂದು ಒಂದು ಅಂಕಣ. ನಾನು ಹೋದ ವರ್ಷದ ಸುದ್ದಿ ಹೀಗಿತ್ತು: ಹೊಂಗೆ ಮರ ಚಿಗುರಿದೆ, ಗಂಟೆಗೆ ಹೊಸ ಹಗ್ಗ ಕಟ್ಟಲಾಗಿದೆ, ನಾಲ್ಕನೇ ತರಗತಿಯಲ್ಲಿ ಒಂಬತ್ತು ಮಂದಿ ತೇರ್ಗಡೆ. ಮೆಚ್ಚುಗೆಯಲ್ಲಿ ಒಂದೇ ಹೆಸರು: ಶಾಲೆಗೆ ಕುರ್ಚಿ ದಾನ ಮಾಡಿದ ಪಂಚಾಯಿತಿ ಚೇರ್ಮನ್ ದೊಡ್ಡಮುನಿಯಪ್ಪನವರು. ಆ ಕುರ್ಚಿಗೆ ಮೂರು ಕಾಲು. ನಾಲ್ಕನೆಯ ಕಾಲಿನ ಜಾಗಕ್ಕೆ ನಾವು ಇಟ್ಟಿಗೆ ಇಟ್ಟುಕೊಂಡಿದ್ದೆವು.

ಎಪ್ಪತ್ತೆರಡರ ಯುಗಾದಿಗೆ ಐದು ದಿನ ಇರುವಾಗ ಬೆಂಗಳೂರಿನಿಂದ ಒಂದು ಕಾಗದ ಬಂತು. ಮಕ್ಕಳ ಊಟದ ಯೋಜನೆಯ ಹೊಸ ಅಧಿಕಾರಿ ಹೋಬಳಿಯ ಏಳು ಶಾಲೆಗಳಿಗೆ ಒಂದೇ ದಿನ ಭೇಟಿ ಕೊಡುತ್ತಾರೆ, ದಾಖಲಾದ ಮಕ್ಕಳಲ್ಲಿ ಅರ್ಧದಷ್ಟಾದರೂ ನುಚ್ಚು ತಿನ್ನುತ್ತಿಲ್ಲವಾದರೆ ಆ ಶಾಲೆಯ ಸರಬರಾಜು ನಿಲ್ಲಿಸಿ ಬೇರೆ ಕಡೆಗೆ ಕೊಡಲಾಗುವುದು. ಅಷ್ಟೇ ಆಗಿದ್ದರೆ ಸರಿಯಿತ್ತು. ಭೇಟಿಯ ದಿನ ನೋಡಿ ಮೇಷ್ಟ್ರು ಕುರ್ಚಿಯ ಇಟ್ಟಿಗೆ ಜಾರುವಷ್ಟು ಜೋರಾಗಿ ಕೂತರು. ಅದು ಯುಗಾದಿಯ ಮರುದಿನ, ವರ್ಷತೊಡಕು.

ಅಧಿಕಾರಿ ಬೀದರ್ ಕಡೆಯವರಂತೆ, ಅವರ ತಪ್ಪಲ್ಲ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಅಂಕಿ ಇರಲಿಲ್ಲ. ನಮ್ಮ ಕಡೆ ಮಾತ್ರ ಯುಗಾದಿಗಿಂತ ವರ್ಷತೊಡಕೇ ಒಂದು ತೂಕ ಹೆಚ್ಚು. ಹಬ್ಬದ ದಿನ ಬೇವು ಬೆಲ್ಲ, ಒಬ್ಬಟ್ಟು. ಮರುದಿನ ಬೆಳಗಾಗುತ್ತಲೇ ನಾಲ್ಕಾರು ಮನೆಯವರು ಸೇರಿ ಮರಿ ಕೊಯ್ದು ಬಾಡನ್ನು ಗುಡ್ಡೆ ಹಾಕಿ ಪಾಲು ಹಂಚಿಕೊಂಡು, ಮನೆಮನೆಯಲ್ಲೂ ಮಸಾಲೆ ಅರೆದು, ಗಂಡಸರು ಅರಳಿಕಟ್ಟೆಯಲ್ಲಿ ಇಸ್ಪೀಟು ಹರಡಿ ಕೂರುತ್ತಾರೆ. ಮುಖ್ಯವಾದದ್ದು ಇದು: ಆ ದಿನ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ. ಅತ್ತರೆ ವರ್ಷವೆಲ್ಲ ಅಳು. ಏಟು ತಿಂದರೆ ವರ್ಷವೆಲ್ಲ ಏಟು. ಅದಕ್ಕೇ ಆ ದಿನ ಯಾವ ತಾಯಿಯೂ ಮಗುವನ್ನು ಬೆತ್ತ ಹಿಡಿದ ಮೇಷ್ಟ್ರ ಹತ್ತಿರ ಕಳಿಸುವುದಿಲ್ಲ. ಇನ್ನು ಮನೆಯಲ್ಲಿ ಬಾಡಿನ ಸಾರು ಕುದಿಯುವಾಗ ಶಾಲೆಯ ಉಪ್ಪಿಟ್ಟು ತಿನ್ನುವುದೆಂದರೆ, ಬರುವ ಮುನ್ನೂರ ಅರವತ್ತೈದು ದಿನಕ್ಕೂ ಉಪ್ಪಿಟ್ಟನ್ನೇ ಹಣೆಗೆ ಬರೆದುಕೊಂಡ ಹಾಗೆ.

ಮೇಷ್ಟ್ರು ಚೇರ್ಮನ್ ಮನೆಗೆ ಹೋದರು, ನಾನೂ ಹೋದೆ. ದೊಡ್ಡಮುನಿಯಪ್ಪ ಪೂರ್ತಿ ಕೇಳಿಸಿಕೊಂಡು ಹೇಳಿದರು: "ನನ್ನ ಮೊಮ್ಮಗ ವರ್ಷತೊಡಕಿನ ದಿನ ನುಚ್ಚು ತಿಂದ್ರೆ ವರ್ಷವೆಲ್ಲ ನಮ್ಮನೇಲಿ ನುಚ್ಚೇ ಗತಿ. ಆಮೇಲೆ ನೀವು ಬಂದು ಹೊಲ ಉಳ್ತೀರಾ ಮೇಷ್ಟ್ರೇ?"

"ಹಾಗಾದರೆ ಆ ದಿನ ಬಾಡೂಟ, ಬರಬೇಡಿ ಅಂತ ಸರ್ಕಾರಕ್ಕೆ ಕಾಗದ ಹಾಕ್ಲಾ?" ಎಂದು ಮೇಷ್ಟ್ರು ದಾರಿಯುದ್ದಕ್ಕೂ ನನ್ನ ಮೇಲೆ ರೇಗಿದರು, ಆ ಹಬ್ಬವನ್ನು ನಾನೇ ಕಂಡುಹಿಡಿದವಳು ಅನ್ನುವಂತೆ.

ಕಾಗದದ ವಿಷಯ ಮುನಿಗಂಗಮ್ಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಬೂದಿ ಹಾಕಿ ಹಂಡೆ ಬೆಳಗುತ್ತಿದ್ದಳು. ಕೈ ನಿಲ್ಲಿಸಿದಳು. ಎರಡು ವರ್ಷದಲ್ಲಿ ಮೊದಲ ಸಲ ಆಕೆಯ ಬಾಯಿಂದ ತಮಾಷೆ ಬರಲಿಲ್ಲ.

"ಮೂಟೆ ಹೋದ್ರೆ ಐವತ್ತೇಳೂ ಹೋದ್ವು ಟೀಚರಮ್ಮ" ಎಂದಳು.

ನಾನು ಪಕ್ಕದಲ್ಲಿ ಕೂತೆ. ಕಾಗದವನ್ನು ಇನ್ನೊಮ್ಮೆ ಓದಿ ಎಂದಳು. ಓದಿದೆ. ಮತ್ತೊಮ್ಮೆ ಓದಿಸಿದಳು.

"ನುಚ್ಚು ತಿನ್ಬೇಕು ಅಂತೈತೆ. ಉಪ್ಪಿಟ್ಟೇ ತಿನ್ಬೇಕು ಅಂತೈತಾ?"

"ಇಲ್ಲ."

"ಜೊತೇಲಿ ಇಂಥಾದ್ದು ತಿನ್ಬಾರ್ದು ಅಂತ?"

"ಅದೂ ಇಲ್ಲ."

"ಸರಿ ಬಿಡಿ" ಎಂದು ಹಂಡೆ ಕವುಚಿ ಹಾಕಿ ಎದ್ದಳು. ಆಮೇಲೆ ನಾಲ್ಕು ದಿನ ಮಕ್ಕಳಿಂದ ಸುದ್ದಿ ವಸೂಲಿ ಮಾಡಲಿಲ್ಲ. ಅದು ನನಗೆ ಆಗಲೇ ಎಚ್ಚರಿಕೆಯಾಗಬೇಕಿತ್ತು. ಆಕೆ ಸುದ್ದಿ ಕೊಳ್ಳುವುದನ್ನು ಬಿಟ್ಟು ಮಾರುವುದಕ್ಕೆ ಇಳಿದಿದ್ದಳು.

ಯುಗಾದಿಯ ಮಧ್ಯಾಹ್ನ ನಾನು ಮೂರು ಒಬ್ಬಟ್ಟು ತಿಂದು ನನ್ನ ಕೋಣೆಯಲ್ಲಿ ಕಣ್ಣು ಮುಚ್ಚಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಎರಡನೇ ತರಗತಿಯ ಅಂಜಿನಮ್ಮನ ತಾಯಿ ತಟ್ಟೆಯಲ್ಲಿ ಇನ್ನೆರಡು ಒಬ್ಬಟ್ಟು ಹಿಡಿದು ನಿಂತಿದ್ದಳು.

"ನಾಳೆಗೆ ನಮ್ಮ ಅಂಜಿನಿ ವಿಚಾರ ಏನ್ ಬರೀತೀರಿ ಟೀಚರಮ್ಮ? ಜಾಣೆ ಅಂತ ಸೇರ್ಸಿ."

ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಅರ್ಧ ಗಂಟೆಯಲ್ಲಿ ನನ್ನ ಕೋಣೆಯಲ್ಲಿ ಇಪ್ಪತ್ತೆರಡು ಒಬ್ಬಟ್ಟು ಸೇರಿದವು, ವಿಷಯವೂ ಗೊತ್ತಾಯಿತು. ಮುನಿಗಂಗಮ್ಮ ಮನೆಮನೆಗೂ ಹೋಗಿ ಹೇಳಿದ್ದಳು: ಈ ವರ್ಷ ವಸಂತ ವಾರ್ತೆಯಲ್ಲಿ ಐವತ್ತೇಳು ಮಕ್ಕಳಿಗೂ ಮೆಚ್ಚುಗೆ ಬರೆದು, ವರ್ಷತೊಡಕಿನ ದಿನ ಬೆಂಗಳೂರಿನ ಅಧಿಕಾರಿಯ ಮುಂದೆ ಲಕ್ಷ್ಮಯ್ಯ ಮೇಷ್ಟ್ರೇ ಓದುತ್ತಾರೆ. ಆ ದಿನ ಹೊಗಳಿಸಿಕೊಂಡ ಮಗು ವರ್ಷವೆಲ್ಲ ಹೊಗಳಿಸಿಕೊಳ್ಳುತ್ತದೆ. ಬರದಿದ್ದ ಮಗುವಿನ ಗತಿ ಅವರವರ ಹಣೆಬರಹ. ಬರುವಾಗ ಮನೆಯ ಸಾರನ್ನು ಹಿಡಿಕೆಯ ಪಾತ್ರೆ, ಒಂದು ತೂಕಿನಲ್ಲಿ ತನ್ನಿ, ಮುದ್ದೆ ಶಾಲೆಯದ್ದು.

ನಾನು ಸೀರೆ ಸರಿಮಾಡಿಕೊಂಡು ಓಡಿದೆ. ಶಾಲೆಯ ಜಗುಲಿಯಲ್ಲಿ ಲಕ್ಷ್ಮಯ್ಯ ಮೇಷ್ಟ್ರು ಆಗಲೇ ಕೆಂಪಗೆ ನಿಂತಿದ್ದರು, ಅವರ ಮನೆಗೂ ಒಬ್ಬಟ್ಟು ಹೋಗಿತ್ತು. ಮುನಿಗಂಗಮ್ಮ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಯಾರನ್ನು ಕೇಳಿ ಹೇಳಿದೆಯಮ್ಮ? ಐವತ್ತೇಳು ಜನರನ್ನು ಹೊಗಳುವುದಕ್ಕೆ ನನಗೇನು ಹುಚ್ಚೆ? ಆ ಜವರಪ್ಪನನ್ನು ಏನಂತ ಹೊಗಳಲಿ? ಮೂರು ವರ್ಷದಿಂದ ಎರಡನೇ ಕ್ಲಾಸಿನಲ್ಲೇ ಇದ್ದಾನೆ."

"ಶಾಲೆ ಬಿಟ್ಟೋಗಿಲ್ವಲ್ಲ ಸ್ವಾಮಿ" ಎಂದಳು ತಲೆ ಎತ್ತದೆ. "ನೀವು ಇಷ್ಟು ಬೈದ್ರೂ ಮೂರು ವರ್ಷದಿಂದ ದಿನಾ ಬತ್ತಾವ್ನೆ. ನಾನಾಗಿದ್ರೆ ಮೂರನೇ ದಿನಕ್ಕೆ ಓಡೋಗ್ತಿದ್ದೆ."

ಮೇಷ್ಟ್ರು ಕೋಣೆಯ ಬೀಗ ತೆಗೆದರು. ನಾನು ಒಳಗಿನಿಂದ ಹಾಳೆ ತಂದೆ. ಒಂದಲ್ಲ, ನಾಲ್ಕು ಹಾಳೆ ಅಂಟಿಸಬೇಕಾಯಿತು.

ಆ ಮಧ್ಯಾಹ್ನ ನಾನು ಕಲಿತದ್ದನ್ನು ಟ್ರೈನಿಂಗ್ ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ನಾನು ಹಾಜರಿ ಪುಸ್ತಕದಿಂದ ಹೆಸರು ಕೂಗುತ್ತಿದ್ದೆ, ಮುನಿಗಂಗಮ್ಮ ಬೆಳ್ಳುಳ್ಳಿ ಬಿಡಿಸುತ್ತ ಹೇಳುತ್ತಿದ್ದಳು. ಪಿಳ್ಳಪ್ಪ ದಿನಾ ಅರ್ಧ ತಿಂದು ಅರ್ಧ ಎಲೆಯಲ್ಲಿ ಕಟ್ಟಿಕೊಂಡು ತಂಗಿಗೆ ಒಯ್ಯುತ್ತಾನೆ. ಅಂಜಿನಮ್ಮ ತನ್ನ ತಟ್ಟೆಯ ಜೊತೆ ಕುಂಟ ಹುಡುಗನ ತಟ್ಟೆಯನ್ನೂ ತೊಳೆದಿಡುತ್ತಾಳೆ. ಚೇರ್ಮನ್ ಮೊಮ್ಮಗ ಸುಳ್ಳು ಸುದ್ದಿ ಹೇಳುವುದಿಲ್ಲ, ಅವನ ತಾತ ಕುರ್ಚಿಯ ನಾಲ್ಕನೇ ಕಾಲನ್ನು ತಾನೇ ಮುರಿದ ಮೇಲೆ ಅದನ್ನು ಶಾಲೆಗೆ ದಾನ ಕೊಟ್ಟ ಅನ್ನುವುದನ್ನು ಹೇಳಿದವನು ಅವನೇ. ಇದನ್ನು ಮಾತ್ರ ಮೇಷ್ಟ್ರು ಬರೆಯಲು ಬಿಡಲಿಲ್ಲ. 'ಸತ್ಯವಂತ' ಎಂದಷ್ಟೇ ಬರೆದೆವು.

ನನಗೆ ಅಂಕಗಳು ಗೊತ್ತಿದ್ದವು. ಆಕೆಗೆ ಮಕ್ಕಳು ಗೊತ್ತಿದ್ದವು. ನನಗೆ ನಾಚಿಕೆಯಾಯಿತು, ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ಎರಡನ್ನೂ ಬರೆದುಬಿಡುತ್ತೇನೆ. ಮೂವತ್ತನೆಯ ಹೆಸರು ಬರುವ ಹೊತ್ತಿಗೆ ಮೇಷ್ಟ್ರು ಕೂಡ ಮೂರು ಕಾಲಿನ ಕುರ್ಚಿ ಎಳೆದುಕೊಂಡು ಬಂದು ಕೂತಿದ್ದರು. ನಲವತ್ತಕ್ಕೆ ಬಂದಾಗ ತಾವೇ ಒಂದು ಹೇಳಿದರು: "ಆ ಹುಡುಗಿಯ ಧ್ವನಿ ಚೆನ್ನಾಗಿದೆ, ಬರೀರಿ." ಹೇಳಿದ ಮೇಲೆ ಯಾರೋ ಕದ್ದು ಕೇಳಿದರು ಅನ್ನುವಂತೆ ಸುತ್ತ ನೋಡಿದರು.

ಎಲ್ಲ ಮುಗಿದ ಮೇಲೆ ನಾನು, "ನಿನ್ನ ಹೆಸರೂ ಬರೀಲೇನಮ್ಮ ಮುನಿಗಂಗಮ್ಮ?" ಎಂದೆ.

"ಬ್ಯಾಡಿ. ನಂದು ಬರೆದ್ರೆ ನನ್ನ ಗಂಡಂದೂ ಬರೀಬೇಕಾಯ್ತದೆ. ಅವನನ್ನ ಹೊಗಳೋಕೆ ನನ್ನ ಕೈಲೂ ಆಗಲ್ಲ."

ವರ್ಷತೊಡಕಿನ ದಿನ ಹನ್ನೊಂದು ಗಂಟೆಗೆ ಶಾಲೆಯ ಮುಂದೆ ಜಾತ್ರೆಯೇ ಸೇರಿತ್ತು. ಐವತ್ತೇಳರಲ್ಲಿ ಒಂದು ಮಗುವೂ ತಪ್ಪಿಸಿರಲಿಲ್ಲ, ಜ್ವರ ಬಂದಿದ್ದ ಮಗುವನ್ನು ಅಜ್ಜಿ ಕಂಬಳಿಯಲ್ಲಿ ಹೊತ್ತು ತಂದಿದ್ದಳು. ಎಲ್ಲರ ಕೈಯಲ್ಲೂ ತೂಕು, ತೂಕಿನ ತುಂಬ ಬಾಡಿನ ಸಾರು. ಬಾಡು ತಿನ್ನದ ಮನೆಯವರು ನಿನ್ನೆಯ ಒಬ್ಬಟ್ಟಿನ ಸಾರು ತಂದಿದ್ದರು. ಕೊಟ್ಟಿಗೆಯಲ್ಲಿ ಮುನಿಗಂಗಮ್ಮ ಗೋಧಿ ನುಚ್ಚಿಗೆ ಒಂದಿಷ್ಟು ರಾಗಿ ಹಿಟ್ಟು ಬೆರೆಸಿ, ಎರಡು ಕಾಲಿಂದ ಹಂಡೆಯನ್ನು ಅದುಮಿ ಹಿಡಿದು, ಕೋಲಿನಿಂದ ತೊಳಸಿ ತೊಳಸಿ, ಮುದ್ದೆ ಕಟ್ಟಿ ಸಾಲಾಗಿ ಇಟ್ಟಿದ್ದಳು. ಮನೆಯಲ್ಲಿ ಗುಡ್ಡೆಗೆ ಪಾಲು ಹಾಕಲಾಗದ ಎಂಟು ಹತ್ತು ಮಕ್ಕಳೂ ಇದ್ದವು. ಅವಕ್ಕೆ ತನ್ನ ಮನೆಯ ಸಾರನ್ನು ಮಡಕೆಸಮೇತ ಎತ್ತಿಕೊಂಡು ಬಂದಿದ್ದಳು. ಅಪ್ಪಯ್ಯಣ್ಣ ಇಸ್ಪೀಟು ಮುಗಿಸಿ ಹಸಿದು ಮನೆಗೆ ಹೋದಾಗ ಒಲೆಯ ಮೇಲೆ ಬರೀ ಮಡಕೆಯ ಗುರುತು ಇತ್ತಂತೆ.

ಲಕ್ಷ್ಮಯ್ಯ ಮೇಷ್ಟ್ರು ಸಸ್ಯಾಹಾರಿಗಳು. ಮೂಗಿಗೆ ಅಂಗವಸ್ತ್ರ ಕಟ್ಟಿಕೊಂಡು ಗಾಳಿ ಬರುವ ಕಡೆ ತಿರುಗಿ ನಿಂತು ವಸಂತ ವಾರ್ತೆ ಓದತೊಡಗಿದರು. ಹತ್ತನೆಯ ಹೆಸರಿಗೆ ಅಂಗವಸ್ತ್ರ ಬಿಚ್ಚಿದರು, ಓದುವುದು ಸ್ಪಷ್ಟವಾಗಿ ಕೇಳಲಿ ಎಂದು. "ಜವರಪ್ಪ, ಎರಡನೇ ತರಗತಿ. ಎಂದೂ ಶಾಲೆ ಬಿಡದ ಛಲಗಾರ." ಜವರಪ್ಪ ತನ್ನನ್ನೇ ಹೇಳಿದ್ದು ಎಂದು ನಂಬದೆ ಹಿಂದೆ ತಿರುಗಿ ನೋಡಿದ. ಅವನ ಅಪ್ಪ ಬೇಲಿಯ ಆಚೆ ನಿಂತು ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ, ಹೊಗೆ ಎಂದು ಆಮೇಲೆ ಹೇಳಿದೆ.

ಇಷ್ಟರ ಮಧ್ಯೆ ಜೀಪು ಬಂತು. ಅಧಿಕಾರಿ ನಲವತ್ತರ ಆಸುಪಾಸಿನವರು, ಮುಖದ ತುಂಬ ಧೂಳು, ಧೂಳಿನ ಕೆಳಗೆ ಸಿಟ್ಟು. ಇಳಿದವರು ಹಾಗೇ ನಿಂತುಬಿಟ್ಟರು. ಐವತ್ತೇಳು ಮಕ್ಕಳು ಹೊಂಗೆ ಮರದ ಕೆಳಗೆ ಸಾಲಾಗಿ ಕೂತು, ಸರ್ಕಾರದ ನುಚ್ಚಿನ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಎಂದು ನುಂಗುತ್ತಿದ್ದವು.

ಅಧಿಕಾರಿ ಎರಡು ಸಲ ಎಣಿಸಿದರು. ಆಮೇಲೆ ಒಂದು ತಟ್ಟೆಯ ಮೇಲೆ ಬಗ್ಗಿ ನೋಡಿ, "ಇದೇನಿದು?" ಎಂದರು.

ಮುನಿಗಂಗಮ್ಮ ಮುಂದೆ ಬಂದಳು. "ನುಚ್ಚು ತಿನ್ಬೇಕು ಅಂತ ನಿಮ್ಮ ಕಾಗ್ದದಲ್ಲಿತ್ತು ಸ್ವಾಮಿ. ಸಾರು ಯಾವ್ದು ಅಂತ ಇರ್ಲಿಲ್ಲ."

ಅಧಿಕಾರಿಯ ಮುಖ ಸಡಿಲವಾಯಿತು. ಅವರೂ ಬೆಳಗಿನಿಂದ ಅಲೆದು ಸುಸ್ತಾಗಿದ್ದರು. ಮೂರು ಕಾಲಿನ ಕುರ್ಚಿಯಲ್ಲಿ ಜೋಪಾನವಾಗಿ ಕೂತು, ಎಳನೀರು ಕುಡಿದು, ಮೇಷ್ಟ್ರಿಗೆ ಹೇಳಿದರು: "ಆರು ಶಾಲೆ ನೋಡಿ ಬಂದೆ. ಆರರಲ್ಲೂ ಒಂದು ಮಗು ಇಲ್ಲ. ಒಂದು ಕಡೆ ಒಲೆಯಲ್ಲಿ ಬೆಕ್ಕು ಮಲಗಿತ್ತು. ಅವರ ಸರಬರಾಜು ಇಂದಿಗೇ ಕೊನೆ. ನಿಮ್ಮದು ಮುಂದುವರಿಯುತ್ತದೆ. ಅವರ ಪಾಲಿನಲ್ಲೂ ಸ್ವಲ್ಪ ನಿಮಗೇ ಬರುವಂತೆ ಬರೆಯುತ್ತೇನೆ."

ಮೇಷ್ಟ್ರ ಮುಖ ಅರಳಿತು. ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ಗೆದ್ದೆವು ಅನ್ನಿಸಿತು. ಮುನಿಗಂಗಮ್ಮನ ಕಡೆ ತಿರುಗಿದರೆ ಆಕೆಯ ಮುಖ ಕಪ್ಪಿಟ್ಟಿತ್ತು.

"ಆರು ಊರಿನ ಮಕ್ಳು ಏನ್ ತಪ್ಪು ಮಾಡಿದ್ವು ಸ್ವಾಮಿ?"

"ತಿನ್ನುತ್ತಿಲ್ಲವಲ್ಲ."

"ಇವತ್ತು ತಿಂದಿಲ್ಲ. ಇವತ್ತು ವರ್ಷತೊಡಕು. ಇವತ್ತು ಈ ಸೀಮೇಲಿ ಯಾವ ಮಗೂನೂ ಉಪ್ಪಿಟ್ಟು ಮುಟ್ಟಲ್ಲ." ಮೇಷ್ಟ್ರು ಕೆಮ್ಮಿದರು. ಆಕೆ ನಿಲ್ಲಿಸಲಿಲ್ಲ. "ಇವು ತಿಂದಿದ್ದೂ ನಿಮ್ಮ ನುಚ್ಚಿಗಲ್ಲ, ಬಾಡಿನ ಸಾರಿಗೆ. ಬಂದಿದ್ದೂ ಶಾಲೆಗಲ್ಲ, ನಾನು ಹೊಗಳಿಸ್ತೀನಿ ಅಂತ ಊರೆಲ್ಲ ಸಾರ್ಕೊಂಡ್ ಬಂದಿದ್ದಕ್ಕೆ. ಇದು ಕಟ್ಟಿದ ನಾಟ್ಕ. ನಾಟ್ಕ ಕಟ್ಟೋಕೆ ಬರ್ದೇ ಇದ್ದ ಊರ ಮಕ್ಳು ಉಪವಾಸ ಕೂರ್ಬೇಕಾ?"

ಅಧಿಕಾರಿ ಎದ್ದು ನಿಂತರು. "ಹಾಗಾದರೆ ನನಗೆ ಮೋಸ ಮಾಡಿದಿರಿ."

"ಹೌದು ಸ್ವಾಮಿ. ನಮ್ಮ ಮೂಟೆ ಉಳೀಲಿ ಅಂತ ಮಾಡ್ದೆ. ಬೇರೆ ಮಕ್ಳ ಬಾಯಿಂದ ಕಿತ್ತು ನನ್ನ ಹಂಡೆಗೆ ಹಾಕ್ತೀರಿ ಅಂತ ಗೊತ್ತಿರ್ಲಿಲ್ಲ. ಅವರದ್ದು ಹೋಗೋದಾದ್ರೆ ನಮ್ಮದೂ ತಗೊಂಡೋಗಿ."

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಆಕೆಯ ಮೇಲೆ ಕೆಟ್ಟ ಸಿಟ್ಟು ಬಂತು. ಗೆದ್ದ ಆಟವನ್ನು ಬಾಯಾರೆ ಸೋತಳಲ್ಲ ಎಂದು. ಅಧಿಕಾರಿ ಪುಸ್ತಕದಲ್ಲಿ ಏನೂ ಬರೆಯದೆ ಜೀಪು ಹತ್ತಿ ಹೊರಟುಹೋದರು.

ಮೇಷ್ಟ್ರು ಹತ್ತು ದಿನ ಮುನಿಗಂಗಮ್ಮನ ಜೊತೆ ಮಾತಾಡಲಿಲ್ಲ. ಊರಿನವರಿಗೆ ಮಾತ್ರ ಆಕೆ ಏಕಾಏಕಿ ದೊಡ್ಡವಳಾಗಿಬಿಟ್ಟಳು. ದೊಡ್ಡಮುನಿಯಪ್ಪನವರು ಶಾಲೆಗೆ ಬಂದು ಆಕೆಗೆ, "ಆ ಸಾಹೇಬ್ರು ಇನ್ನೊಂದ್ಸಲ ಬಂದ್ರೆ ಒಂದು ಮಾತು ಹೇಳ್ಕಳ್ಸು. ಊರ ಮಕ್ಳೆಲ್ಲ ಮೂಗು ಮುಚ್ಕೊಂಡಾದ್ರೂ ತಿಂತಾವೆ, ನನ್ನ ಮೊಮ್ಮಗನೂ ತಿಂತಾನೆ" ಎಂದರು. ಆಕೆ ಹಂಡೆ ಕೆದಕುವುದನ್ನು ನಿಲ್ಲಿಸಲಿಲ್ಲ. ಕೊಟ್ಟಿಗೆಯಲ್ಲಿ ಒಂದೂವರೆ ಮೂಟೆ ನುಚ್ಚು ಉಳಿದಿತ್ತು. ಅದನ್ನು ನೋಡುತ್ತ ನಿಂತಿರುವುದನ್ನು ನಾನು ಎರಡು ಮೂರು ಸಲ ಕಂಡೆ. ಒಂದು ಸಲ ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟೆ. "ಹೋಗಿ ಪಾಠ ಮಾಡಿ ಟೀಚರಮ್ಮ, ಮಕ್ಳು ಗಲಾಟೆ ಮಾಡ್ತಾವೆ" ಎಂದು ನನ್ನನ್ನು ಓಡಿಸಿದಳು.

ಹನ್ನೊಂದನೆಯ ದಿನ, ಯಾರಿಗೂ ಹೇಳದೆ ಕೇಳದೆ, ಸರಿಯಾಗಿ ಉಪ್ಪಿಟ್ಟಿನ ಹೊತ್ತಿಗೆ ಜೀಪು ಬಂದು ನಿಂತಿತು. ಊರಿಗೆ ಹೇಳಿಕಳಿಸಲು ಸಮಯವಿರಲಿಲ್ಲ. ಇದ್ದಿದ್ದರೂ ಆಕೆ ಕಳಿಸುತ್ತಿರಲಿಲ್ಲ ಅನ್ನಿಸುತ್ತದೆ. ಅವತ್ತು ಸಾಸಿವೆ ಮುಗಿದು ಒಗ್ಗರಣೆಯೂ ಇಲ್ಲದ ಬೋಳು ಉಪ್ಪಿಟ್ಟು.

ಅಧಿಕಾರಿ ಮರದ ಕೆಳಗೆ ನಿಂತು ಎಣಿಸಿದರು. ನಲವತ್ತೊಂದು ಮಕ್ಕಳು ತಿನ್ನುತ್ತಿದ್ದವು.

"ಈ ವಾರ ಉಳಿದ ಆರು ಶಾಲೆಗೂ ಇನ್ನೊಮ್ಮೆ ಹೋಗಿದ್ದೆ. ಎಲ್ಲ ಕಡೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಿಂತಿದ್ದಾರೆ. ಎಲ್ಲರದ್ದೂ ಮುಂದುವರಿಯುತ್ತದೆ" ಎಂದು ಮೇಷ್ಟ್ರಿಗೆ ಹೇಳಿದರು. ಆಮೇಲೆ ಕೊಟ್ಟಿಗೆಯ ಕಡೆ ತಿರುಗಿ, ನಗು ಅಡಗಿಸಿಕೊಂಡು, "ಏನಮ್ಮ, ಅವತ್ತು ಐವತ್ತೇಳು, ಇವತ್ತು ನಲವತ್ತೊಂದು. ಉಳಿದ ಹದಿನಾರು ಎಲ್ಲಿ ಹೋದವು?" ಎಂದರು.

ಸುಮ್ಮನೆ ಕೇಳಿದ್ದು ಅದು, ಅವರಿಗೆ ಉತ್ತರ ಬೇಕಿರಲಿಲ್ಲ. ಮುನಿಗಂಗಮ್ಮ ಸೌಟು ಕೆಳಗಿಟ್ಟು ಬೆರಳು ಮಡಿಸಲು ಶುರು ಮಾಡಿದಳು. ಒಂದಕ್ಕೆ ಹಲ್ಲು ಬಿದ್ದು ಒಸಡು ಊದಿದೆ, ಎರಡಕ್ಕೆ ಮನೆಯಲ್ಲಿ ಹಸುವಿನ ಗಿಣ್ಣು ಮಾಡಿದ್ದಾರೆ, ಒಂದು ಅಮ್ಮನ ಮೇಲೆ ಮುನಿಸಿಕೊಂಡು ಬಂದಿದೆ, ಜವರಪ್ಪನ ಅಪ್ಪ ಅವನನ್ನು ಬಾಶೆಟ್ಟಿಹಳ್ಳಿಯ ಸೋದರಮಾವನ ಮನೆಗೆ ಕರೆದುಕೊಂಡು ಹೋಗಿದ್ದಾನೆ, ಇನ್ನೊಂದಕ್ಕೆ ನಿನ್ನೆಯಿಂದ ಭೇದಿ, "ಅದಕ್ಕೆ ನಾನೇ ಕೊಟ್ಟಿಲ್ಲ, ಗಂಜಿ ಕುಡಿಸಿದೀನಿ." ಅಧಿಕಾರಿ ಗಡಿಯಾರ ನೋಡಿಕೊಂಡರು, ಹೂಂ ಹೂಂ ಎಂದರು, ಜೀಪಿನ ಕಡೆ ನಡೆದರು. ಆಕೆ ಅವರ ಹಿಂದೆಯೇ ಹೋದಳು. ಜೀಪು ಸದ್ದು ಮಾಡಿ ಹೊರಟಾಗ ಆಕೆ ಇನ್ನೂ ಹನ್ನೊಂದನೆಯ ಮಗುವಿನ ಹತ್ತಿರ ಇದ್ದಳು. ಧೂಳಿನಲ್ಲಿ ನಿಂತು ಉಳಿದ ಐದನ್ನು ನನಗೆ ಹೇಳಿ ಮುಗಿಸಿದಳು.